ಬದಲಿಯವನು ಬಂದ ಮೇಲೆ

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ 'ಹೆಚ್ಚುವರಿ ಸಮಯ' ಅನ್ನುವುದು ಎರಡು ಬೇರೆ ಬೇರೆ ಸಂಗತಿಗಳಿಗೆ ಇರುವ ಒಂದೇ ಹೆಸರು. ತೊಂಬತ್ತು ನಿಮಿಷದ ಆಟದ ನಡುವೆ ಪೋಲಾದ ಹೊತ್ತನ್ನು ಲೆಕ್ಕ ಹಾಕಿ ರೆಫರಿ ಕೊನೆಯಲ್ಲಿ ಸೇರಿಸುವ ನಾಲ್ಕೈದು ನಿಮಿಷ ಹೆಚ್ಚುವರಿ ಸಮಯ. ನಾಕೌಟ್ ಪಂದ್ಯ ಸಮವಾದಾಗ ಹದಿನೈದು ಹದಿನೈದು ನಿಮಿಷಗಳಂತೆ ಮತ್ತೆ ಆಡಿಸುವ ಅರ್ಧ ಗಂಟೆಯೂ ಹೆಚ್ಚುವರಿ ಸಮಯ. ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ, ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಆದರೆ ನಿಯಮದ ಪುಸ್ತಕ ಅನುವಾದಿಸುವವರಿಗೆ ಈ ಸೌಕರ್ಯ ಇರುವುದಿಲ್ಲ. ಮೊದಲನೆಯದರಲ್ಲಿ ಬದಲಿ ಆಟಗಾರರ ಲೆಕ್ಕ ಬದಲಾಗುವುದಿಲ್ಲ. ಎರಡನೆಯದರಲ್ಲಿ ಬದಲಾಗುತ್ತದೆ.

ಕಳೆದ ವರ್ಷ ಶಾಲಾ ತರಬೇತುದಾರರಿಗಾಗಿ ಫುಟ್‌ಬಾಲ್ ನಿಯಮಗಳ ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಸಿಕ್ಕಿತ್ತು. ಮೊದಲನೆಯದಕ್ಕೆ 'ಸೇರಿಸಿದ ಸಮಯ' ಎಂದೂ ಎರಡನೆಯದಕ್ಕೆ 'ಹೆಚ್ಚುವರಿ ಆಟ' ಎಂದೂ ಬರೆದೆ. 'ಬದಲಿ ಆಟಗಾರ'ನಿಗೆ ಹೊಸ ಪದ ಹುಡುಕಲು ಹೋಗಲಿಲ್ಲ. 'ಬದಲಿ' ಎಷ್ಟು ಚೆನ್ನಾಗಿದೆ ಅಂದರೆ ಅದು ಅರಬಿಯಿಂದ ಬಂದದ್ದೆಂಬುದೇ ನಮಗೆ ಮರೆತುಹೋಗಿದೆ. ತಕರಾರು ಬಂದದ್ದು ಇನ್ನೊಂದು ಕಡೆ. ಆಟ ಮುಂದುವರಿಸಲು ಆಗದ ಆಟಗಾರನ ಬಗ್ಗೆ ನಿಯಮ ಏನು ಹೇಳುತ್ತದೆ ಎಂಬಲ್ಲಿ. 'ಆಗದ' ಅನ್ನುವುದನ್ನು ಯಾರು ಹೇಳಬೇಕು? ಅವನೇ? ವೈದ್ಯರೇ? ರೆಫರಿಯೇ? ಕೈಪಿಡಿಯ ಆ ಒಂದು ಪುಟಕ್ಕೆ ನಾನು ಉಳಿದ ಹತ್ತು ಪುಟಗಳಿಗಿಂತ ಹೆಚ್ಚು ಹೊತ್ತು ಕಳೆದೆ.

ಈಗಿನ ನಿಯಮ ಮೊದಲು ಹೇಳಿಬಿಡುತ್ತೇನೆ. ದೊಡ್ಡ ಮಟ್ಟದ ಪಂದ್ಯಗಳಲ್ಲಿ ಒಂದು ತಂಡ ಹೆಚ್ಚೆಂದರೆ ಐವರು ಬದಲಿಗಳನ್ನು ಇಳಿಸಬಹುದು. ಆದರೆ ಅದಕ್ಕಾಗಿ ಆಟ ನಿಲ್ಲಿಸುವ ಅವಕಾಶ ಮೂರೇ ಸಲ. ವಿರಾಮದ ಹೊತ್ತಿನಲ್ಲಿ ಮಾಡಿದ್ದು ಆ ಮೂರರಲ್ಲಿ ಸೇರುವುದಿಲ್ಲ. ಪಂದ್ಯ ಹೆಚ್ಚುವರಿ ಆಟಕ್ಕೆ ಹೋದರೆ, ಉಳಿಸಿಕೊಂಡ ಬದಲಿಗಳು ಮತ್ತು ಉಳಿದ ಅವಕಾಶಗಳು ಜೊತೆಗೇ ಬರುತ್ತವೆ. ಟೂರ್ನಿಯ ನಿಯಮ ಒಪ್ಪಿದರೆ ಇನ್ನೊಬ್ಬ ಬದಲಿಯೂ ಸಿಗುತ್ತಾನೆ. ಇಷ್ಟೂ ಮುಗಿದ ಮೇಲೆ ಯಾರಾದರೂ ಕಾಲು ಮುರಿದುಕೊಂಡರೆ? ಅವನ ಜಾಗಕ್ಕೆ ಯಾರೂ ಇಲ್ಲ. ತಂಡ ಹತ್ತೇ ಜನರೊಂದಿಗೆ ಆಡಬೇಕು. ಏಳಕ್ಕಿಂತ ಕಡಿಮೆಯಾದರೆ ಆಟವೇ ಇಲ್ಲ.

ಗಾಯವಾದವನಿಗೆಂದೇ ಒಂದು ಪ್ರತ್ಯೇಕ ಜಾಗವನ್ನು ನಿಯಮ ಇಟ್ಟಿಲ್ಲ, ಒಂದೇ ಒಂದು ಸಂದರ್ಭ ಬಿಟ್ಟರೆ. ಅದಕ್ಕೆ ಆಮೇಲೆ ಬರುತ್ತೇನೆ.

* * *

ನಾನಿರುವುದು ಪುಣೆಯ ಮಾರ್ಕೆಟ್ ಯಾರ್ಡ್ ಹತ್ತಿರ. ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಲು ಬಂದವಳು ಓದು ಮುಗಿದ ಮೇಲೂ ಇಲ್ಲೇ ಉಳಿದೆ. ಬಾಡಿಗೆ ಕಡಿಮೆ ಅನ್ನುವುದು ಒಂದು ಕಾರಣ, ಕಿವಿಗೆ ಕನ್ನಡ ಬೀಳುತ್ತದೆ ಅನ್ನುವುದು ಇನ್ನೊಂದು. ಗುಲ್ಟೆಕಡಿಯ ಈ ಸಗಟು ಮಾರುಕಟ್ಟೆಗೆ ಕರ್ನಾಟಕದಿಂದ ಮಾವು ಬರುತ್ತದೆ, ಶುಂಠಿ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿ ಬರುತ್ತದೆ. ಲಾರಿಯ ಜೊತೆ ಮಾತೂ ಬರುತ್ತದೆ. ಚೀಲ ಇಳಿಸುವವರಲ್ಲಿ ಅಕ್ಕಲಕೋಟೆ, ಇಂಡಿ, ಅಫಜಲಪುರದ ಕಡೆಯವರೂ ಇದ್ದಾರೆ. ಅವರ ಕನ್ನಡದಲ್ಲಿ ಮರಾಠಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಹಾಕಲು ಹೋದವರು ಸೋಲುತ್ತಾರೆ.

ನಮ್ಮ ಓಣಿಯಲ್ಲಿರುವ ಹಮಾಲ ಕಾಕಾ ಅಕ್ಕಲಕೋಟೆ ತಾಲ್ಲೂಕಿನವರು. ವಯಸ್ಸು ಐವತ್ತರ ಮೇಲೆ. ಅವರ ಅಕ್ಕನ ಮಗ ಫುಟ್‌ಬಾಲ್ ಹುಚ್ಚಿನವನು. ಪುಣೆಗೆ ಈಗ ಐಎಸ್‌ಎಲ್ ತಂಡ ಇಲ್ಲ. ಎಫ್‌ಸಿ ಪುಣೆ ಸಿಟಿ 2019ರಲ್ಲಿ ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ಬಂತು. ಹಾಗಾಗಿ ಹುಡುಗ ಬೆಂಗಳೂರು ಎಫ್‌ಸಿಯನ್ನು ತನ್ನದು ಮಾಡಿಕೊಂಡಿದ್ದ.

2023ರ ಮಾರ್ಚ್ 18, ಶನಿವಾರ, ಐಎಸ್‌ಎಲ್ ಫೈನಲ್. ಗೋವಾದ ಫಾತೋರ್ಡಾದಲ್ಲಿ ಬೆಂಗಳೂರಿಗೂ ಎಟಿಕೆ ಮೋಹನ್ ಬಾಗನ್‌ಗೂ ಪಂದ್ಯ. ಶನಿವಾರ ತರಕಾರಿ ವಿಭಾಗಕ್ಕೆ ವಾರದ ರಜೆ, ಆದರೆ ಭಾನುವಾರದ ಮಾಲು ಶನಿವಾರ ರಾತ್ರಿಯೇ ಬರತೊಡಗುತ್ತದೆ. ಲಾರಿ ಬರುವ ತನಕ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಆ ಹುಡುಗನ ಮೊಬೈಲಿನಲ್ಲಿ ಐದಾರು ಜನ ಪಂದ್ಯ ನೋಡುತ್ತಿದ್ದರು. ನಾನೂ ಸೇರಿಕೊಂಡೆ.

ಆಟ ಶುರುವಾಗಿ ಕೆಲವೇ ನಿಮಿಷ ಆಗಿತ್ತು. ಬೆಂಗಳೂರಿನ ಯುವ ಆಟಗಾರ ಶಿವಶಕ್ತಿ ನಾರಾಯಣನ್ ಪೆಟ್ಟು ತಿಂದು ಹೊರಗೆ ಹೋಗಬೇಕಾಯಿತು. ಅವರ ಬದಲಿಗೆ ಬಂದವರು ಸುನಿಲ್ ಛೇತ್ರಿ. ವಯಸ್ಸು 38. ಬದಲಿಯಾಗಿ ಕೂತಿದ್ದವರು ಹೆಚ್ಚುಕಡಿಮೆ ಇಡೀ ಪಂದ್ಯ, ಮೇಲೆ ಹೆಚ್ಚುವರಿ ಆಟದ ಅರ್ಧ ಗಂಟೆಯನ್ನೂ ಆಡಿದರು. ಪೆನಾಲ್ಟಿಯಲ್ಲಿ ಒಂದು ಗೋಲನ್ನೂ ಹೊಡೆದರು. ಪಂದ್ಯ 2-2ರಲ್ಲಿ ನಿಂತು, ಕೊನೆಗೆ ಪೆನಾಲ್ಟಿ ಶೂಟೌಟಿನಲ್ಲಿ ಬೆಂಗಳೂರು 4-3ರಿಂದ ಸೋತಿತು.

ಶಿವಶಕ್ತಿ ಹೊರಗೆ ಹೋದಾಗ ಕಾಕಾ ಕೇಳಿದರು: "ತಂಗಿ, ಆ ಹುಡುಗ ಹೊರಗ ಹೋದನಲ್ಲ, ಅವನ ಬದಲಿ ಇವ ಬಂದ. ಮತ್ತ ಇವತ್ತಿನ ಪಗಾರ ಯಾರಿಗಿ? ಅವನಿಗೋ, ಇವನಿಗೋ?"

ನನಗಿಂತ ಮೊದಲು ಹುಡುಗ ಉತ್ತರ ಕೊಟ್ಟ. "ಮಾಮಾ, ಅವರಿಗಿ ವರ್ಷದ ಲೆಕ್ಕ ಇರ್ತದ. ಇಬ್ಬರಿಗೂ ಸಿಗ್ತದ."

"ಹಂಗಾದ್ರ ಚಲೋ. ಪಗಾರ ಬರ್ತದಂದ್ರ ಮನಷಾ ಸುಮ್ಮ ಹೊರಗ ಹೋಗತಾನ. ಬರಲ್ಲಂದ್ರ ಕುಂಟಕೋತ ಅಲ್ಲೇ ನಿಂದರತಾನ."

ಬದಲಿ ನಿಯಮದ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲವನ್ನೂ ಈ ಮಾತಿನ ಪಕ್ಕ ಇಟ್ಟು ನೋಡಿದ್ದೇನೆ.

* * *

ಫುಟ್‌ಬಾಲಿನ ದೊಡ್ಡ ಪಂದ್ಯಗಳಲ್ಲಿ ಬಹುಕಾಲ ಬದಲಿ ಆಟಗಾರ ಎಂಬುವನೇ ಇರಲಿಲ್ಲ. ಹನ್ನೊಂದು ಜನ ಇಳಿದರೆ ಹನ್ನೊಂದೇ. ಪೆಟ್ಟಾದವನು ಹೊರಗೆ ಹೋದರೆ ತಂಡ ಸೊರಗುತ್ತದೆ, ಹಾಗಾಗಿ ಅವನು ಹೋಗುವುದಿಲ್ಲ. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಎದುರಾಳಿಯ ಕಾಲಿಗೆ ಅಡ್ಡ ಬಿದ್ದು ಕತ್ತಿಗೆ ಪೆಟ್ಟು ಮಾಡಿಕೊಂಡರು. ಕೊನೆಯ ತನಕ ಗೋಲು ಕಾದರು, ತಂಡ ಗೆದ್ದಿತು. ಕತ್ತಿನ ಮೂಳೆ ಮುರಿದಿದೆ ಎಂಬುದು ಕೆಲವು ದಿನಗಳ ನಂತರ ಎಕ್ಸ್‌ರೇಯಲ್ಲಿ ಗೊತ್ತಾಯಿತು. ಈ ಕಥೆಯನ್ನು ಇವತ್ತಿಗೂ ಶೌರ್ಯದ ಕಥೆಯಾಗಿಯೇ ಹೇಳುತ್ತಾರೆ.

ನಮ್ಮಲ್ಲೂ ಅಂಥದೊಂದಿದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಮೊದಲ ಸುತ್ತಿನಲ್ಲೇ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಕೋಚ್ ಸಯ್ಯದ್ ಅಬ್ದುಲ್ ರಹೀಂ ಅವರನ್ನು ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಮುಂದಿನ ಸಾಲಿನಲ್ಲಿ ಆಡಿಸಿದರು. ಹೊಲಿಗೆ ಹಾಕಿದ ತಲೆಯಲ್ಲೇ ಅವರು ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದರು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ಚಿನ್ನದ ಹೆಮ್ಮೆ ನನಗೂ ಇದೆ. ಆದರೆ ಇವತ್ತಿನ ವೈದ್ಯರು ಆ ತಲೆಯನ್ನು ಮೈದಾನಕ್ಕೆ ಬಿಡುತ್ತಿದ್ದರೇ ಎಂದು ಯೋಚಿಸದೆ ಅದನ್ನು ಓದುವುದು ನನಗೆ ಸಾಧ್ಯವಾಗುವುದಿಲ್ಲ.

ಇಂಗ್ಲೆಂಡಿನ ಲೀಗ್ 1965ರಲ್ಲಿ ಬದಲಿಯನ್ನು ಮೊದಲ ಸಲ ಒಪ್ಪಿಕೊಂಡಿತು. ಒಬ್ಬನೇ ಬದಲಿ, ಅದೂ ಗಾಯವಾದರೆ ಮಾತ್ರ. ಬೇಗನೇ 'ಗಾಯವಾದರೆ' ಎಂಬ ಷರತ್ತು ಹೋಗಿ ಯಾವ ಕಾರಣಕ್ಕಾದರೂ ಬದಲಿ ಇಳಿಸಬಹುದು ಎಂದಾಯಿತು. ಯಾಕೆ ಎಂದು ಊಹಿಸುವುದು ಕಷ್ಟವಲ್ಲ. ದಣಿದ ಆಟಗಾರ ಕಾಲು ಹಿಡಿದು ಕೂತರೆ ಅದು ಗಾಯವೇ ಅಲ್ಲವೇ ಎಂದು ತೀರ್ಮಾನಿಸುವವರು ಯಾರು?

ಇಲ್ಲಿ ನನ್ನ ಓದಿನ ವಿಷಯ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲಿ 'ಪೆಟ್ಟು' ಮತ್ತು 'ನೋವು' ಬೇರೆ ಬೇರೆ. ಪೆಟ್ಟು ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ನೋವು ಕಾಣುವುದಿಲ್ಲ, ಅದು ಒಬ್ಬರಿಗೆ ಆಗುತ್ತದೆ. 'ನಾನು ನೋಯುತ್ತೇನೆ' ಎಂದು ನಾವು ಹೇಳುವುದಿಲ್ಲ, 'ನನಗೆ ನೋವಾಗುತ್ತಿದೆ' ಎನ್ನುತ್ತೇವೆ. ಹಸಿವು, ಚಳಿ, ನಿದ್ದೆ, ಭಯ ಎಲ್ಲಕ್ಕೂ ಹೀಗೆಯೇ. ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾರೆ, ಅನುಭವ ತಾನಾಗಿ ಬಂದು ಅವರನ್ನು ಸೇರುತ್ತದೆ. ಇಂಥ ವಾಕ್ಯವನ್ನು ತನ್ನ ಬಗ್ಗೆ ಹೇಳುವಾಗ ಇರುವ ಖಾತ್ರಿ ಇನ್ನೊಬ್ಬರ ಬಗ್ಗೆ ಹೇಳುವಾಗ ಇರುವುದಿಲ್ಲ. 'ಅವನಿಗೆ ನೋವಾಗಿರಬೇಕು' ಎನ್ನುತ್ತೇವೆ. ಆ 'ಬೇಕು' ನಮ್ಮ ಅಂದಾಜು. 1965ರ ನಿಯಮ ಬದಲಿಯನ್ನು ಈ ಅಂದಾಜಿಗೆ ಕಟ್ಟಿಹಾಕಿತ್ತು. ಬೇಗನೇ ಅದನ್ನು ಬಿಟ್ಟು, 'ಯಾಕೆ ಎಂದು ಕೇಳುವುದಿಲ್ಲ, ಎಷ್ಟು ಜನ ಎಂದು ಮಾತ್ರ ಎಣಿಸುತ್ತೇವೆ' ಎಂಬಲ್ಲಿಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಆ 'ಎಷ್ಟು' ಬಗ್ಗೆಯೇ.

* * *

ವಿಶ್ವಕಪ್‌ನಲ್ಲಿ ಬದಲಿಗಳು ಬಂದದ್ದು 1970ರಲ್ಲಿ, ತಂಡಕ್ಕೆ ಇಬ್ಬರಂತೆ. ಎಣಿಕೆ ಮುಗಿದ ಮೇಲೆ ಏನಾಗುತ್ತದೆ ಎಂಬುದೂ ಅದೇ ಟೂರ್ನಿಯಲ್ಲಿ ಕಂಡಿತು. ಜೂನ್ 17ರಂದು ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ ಇಟಲಿಗೂ ಪಶ್ಚಿಮ ಜರ್ಮನಿಗೂ ಸೆಮಿಫೈನಲ್. ಎರಡನೇ ಅವಧಿಯಲ್ಲಿ ಫ್ರಾಂಝ್ ಬೆಕೆನ್‌ಬಾವರ್ ಕೆಳಗೆ ಬಿದ್ದು ಭುಜದ ಕೀಲು ತಪ್ಪಿತು. ಜರ್ಮನಿ ಇಬ್ಬರು ಬದಲಿಗಳನ್ನೂ ಇಳಿಸಿಬಿಟ್ಟಿತ್ತು. ಕೈಯನ್ನು ಎದೆಗೆ ಸೇರಿಸಿ ಬ್ಯಾಂಡೇಜ್ ಸುತ್ತಿಕೊಂಡು ಅವರು ಆಡಿದರು. ಕೊನೆಯ ಗಳಿಗೆಯಲ್ಲಿ ಜರ್ಮನಿ ಸಮ ಮಾಡಿತು. ಅದರಿಂದ ಬೆಕೆನ್‌ಬಾವರ್‌ಗೆ ಸಿಕ್ಕಿದ್ದು ಅದೇ ಕೈಯಲ್ಲಿ ಇನ್ನೂ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಐದು ಗೋಲು ಬಿದ್ದು ಇಟಲಿ 4-3ರಿಂದ ಗೆದ್ದಿತು. 'ಶತಮಾನದ ಪಂದ್ಯ' ಎಂದು ಕ್ರೀಡಾಂಗಣದಲ್ಲಿ ಫಲಕ ಹಾಕಿದ್ದಾರೆ.

ಗಾಯ ಒಂದು ಬದಲಿಯನ್ನು ತಿಂದುಹಾಕಿದರೆ ಎಷ್ಟು ನಷ್ಟ ಎಂಬುದಕ್ಕೆ 1982ರ ಸೆವಿಲ್ ಪಂದ್ಯ ನೋಡಬೇಕು. ಅದೂ ಸೆಮಿಫೈನಲ್. ಫ್ರಾನ್ಸ್‌ನ ಪಾಟ್ರಿಕ್ ಬ್ಯಾಟಿಸ್ಟನ್ ಬದಲಿಯಾಗಿ ಬಂದು ಹತ್ತು ನಿಮಿಷ ಆಗಿತ್ತು. ಜರ್ಮನಿಯ ಗೋಲ್‌ಕೀಪರ್ ಹರಾಲ್ಡ್ ಶುಮಾಕರ್ ಎಗರಿ ಬಂದು ಡಿಕ್ಕಿ ಹೊಡೆದ ರಭಸಕ್ಕೆ ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿದರು, ಹಲ್ಲು ಉದುರಿದವು, ಬೆನ್ನುಮೂಳೆಗೆ ಪೆಟ್ಟಾಯಿತು. ರೆಫರಿ ಫೌಲ್ ಕೂಡ ಕೊಡಲಿಲ್ಲ. ಬದಲಿಗೇ ಬದಲಿಯನ್ನು ಇಳಿಸಿದ ಫ್ರಾನ್ಸ್ ತನ್ನ ಎರಡು ಎಣಿಕೆಯನ್ನೂ ಮುಗಿಸಿತು. ಹೆಚ್ಚುವರಿ ಆಟದಲ್ಲಿ ಫ್ರಾನ್ಸ್ 3-1ರಿಂದ ಮುಂದಿತ್ತು. ಜರ್ಮನಿಗೆ ಮಾತ್ರ ಒಬ್ಬ ಬದಲಿ ಉಳಿದಿದ್ದ. ಅದು ತಾನೂ ಪೂರ್ತಿ ಗುಣವಾಗದೆ ಹೊರಗೆ ಕೂತಿದ್ದ ಕಾರ್ಲ್-ಹೈಂಝ್ ರುಮೆನಿಗೆ. ಬಂದ ಕೆಲವೇ ನಿಮಿಷಕ್ಕೆ ಅವರು ಗೋಲು ಹೊಡೆದರು. ಪಂದ್ಯ 3-3 ಆಗಿ ಶೂಟೌಟಿನಲ್ಲಿ ಫ್ರಾನ್ಸ್ ಸೋತಿತು. ಪೆಟ್ಟು ಕೊಟ್ಟ ತಂಡಕ್ಕೆ ಹೊಸ ಕಾಲುಗಳಿದ್ದವು, ಪೆಟ್ಟು ತಿಂದ ತಂಡಕ್ಕೆ ಇರಲಿಲ್ಲ.

ಎರಡು ಮೂರಾಯಿತು. 2018ರ ವಿಶ್ವಕಪ್‌ನಲ್ಲಿ ಹೆಚ್ಚುವರಿ ಆಟಕ್ಕೆಂದು ನಾಲ್ಕನೆಯ ಬದಲಿ ಬಂದ. ವಿಶ್ವಕಪ್‌ನಲ್ಲಿ ಅದನ್ನು ಮೊದಲು ಬಳಸಿದ್ದು ಸ್ಪೇನ್ ವಿರುದ್ಧ ಆಡುತ್ತಿದ್ದ ರಷ್ಯಾ. 2020ರಲ್ಲಿ ಕೋವಿಡ್ ಕಾರಣಕ್ಕೆ ತಾತ್ಕಾಲಿಕವಾಗಿ ಐದು ಎಂದರು, 2022ರಲ್ಲಿ ಆ ಐದು ಕಾಯಂ ಆಯಿತು. ಪ್ರತಿ ಸಲವೂ ಕೊಟ್ಟ ಮುಖ್ಯ ಕಾರಣ ದಣಿವು, ಒತ್ತೊತ್ತಾದ ಪಂದ್ಯಗಳು. ಗಾಯಾಳುವಿಗೆ ಲಾಭವಾದದ್ದು ಪಕ್ಕದಿಂದ. ಎಣಿಕೆ ದೊಡ್ಡದಾದಷ್ಟೂ ಕುಂಟುತ್ತಾ ನಿಲ್ಲುವ ಸಂದರ್ಭ ಕಡಿಮೆಯಾಯಿತು.

ಕಾಕಾ ಹೇಳಿದ ಇನ್ನೊಂದು ಅರ್ಧವೂ ಇದೆ. ಛೇತ್ರಿ ಬಂದರೂ ಶಿವಶಕ್ತಿಯ ಸಂಬಳ ನಿಲ್ಲುವುದಿಲ್ಲ. ಬದಲಿ ಇದ್ದಾನೆ ಅನ್ನುವುದು ತಂಡವನ್ನು ಕಾಯುತ್ತದೆ. ಹೊರಗೆ ಹೋದರೂ ಅನ್ನ ಹೋಗುವುದಿಲ್ಲ ಅನ್ನುವುದು ಆಟಗಾರನನ್ನು ಕಾಯುತ್ತದೆ. ನಿಯಮದ ಪುಸ್ತಕದಲ್ಲಿ ಮೊದಲನೆಯದು ಮಾತ್ರ ಇದೆ.

* * *

ಪುಣೆಯಲ್ಲಿ ಎರಡನೆಯದನ್ನು ಬರೆದಿಟ್ಟವರು ಹಮಾಲರು. ಡಾ. ಬಾಬಾ ಆಢಾವ ಅವರು 1950ರ ದಶಕದಲ್ಲಿ ಕಟ್ಟಿದ ಹಮಾಲ ಪಂಚಾಯತ್ ಮಾರ್ಕೆಟ್ ಯಾರ್ಡಿನಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಅದು ನಡೆಸುವ 'ಕಷ್ಟಾಚಿ ಭಾಕರ್' ಊಟದ ಮನೆಯಲ್ಲಿ ಹಮಾಲರಷ್ಟೇ ಅಲ್ಲ, ನನ್ನಂಥವರೂ ಕಡಿಮೆ ದುಡ್ಡಿಗೆ ಊಟ ಮಾಡುತ್ತೇವೆ. ಮಹಾರಾಷ್ಟ್ರದ ಮಾಥಾಡಿ ಕಾಯ್ದೆ 1969ರದು. 'ಮಾಥಾ' ಅಂದರೆ ತಲೆ, ಮಾಥಾಡಿ ಅಂದರೆ ತಲೆಹೊರೆಯವರು. ಕೆಲಸ ಕೊಡುವವರು ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಆ ಲೆವಿಯಿಂದ ಭವಿಷ್ಯನಿಧಿ, ಬೋನಸ್, ಗ್ರ್ಯಾಚುಯಿಟಿ, ಔಷಧೋಪಚಾರ. ಇವತ್ತು ಒಬ್ಬ ಮಾಲೀಕ, ನಾಳೆ ಇನ್ನೊಬ್ಬ ಎಂದು ದುಡಿಯುವವರಿಗೆ ಕಾಯಂ ನೌಕರರಿಗಿರುವ ಆಸರೆಯಲ್ಲಿ ಒಂದು ಪಾಲನ್ನು ಕೊಡಿಸಿದ ಕಾನೂನು ಇದು.

ಆದರೂ ಕೂಲಿ ಚೀಲದ ಲೆಕ್ಕದ್ದೇ. ಹೊತ್ತಷ್ಟು ಹಮಾಲಿ. ಕೆಲಸ ಮಾಡುವುದು ಟೋಳಿ, ಬಂದದ್ದನ್ನು ಟೋಳಿಯವರು ಹಂಚಿಕೊಳ್ಳುತ್ತಾರೆ. ಒಬ್ಬನ ನಡ ಹಿಡಿದುಕೊಂಡರೆ ಏನು ಮಾಡುತ್ತೀರಿ ಎಂದು ಒಂದು ದಿನ ಕಾಕಾನನ್ನು ಕೇಳಿದೆ. ಅವರ ಟೋಳಿಯ ಪದ್ಧತಿ ಹೇಳಿದರು.

"ನಾಕೈದು ದಿನ ಅವನ ಪಾಲು ಅವನಿಗಿ ಕೊಡ್ತೀವಿ. ಉಳದವರು ಜರಾ ಜಾಸ್ತಿ ಹೊರತೀವಿ. ಅದಕ್ಕಿಂತ ಜಾಸ್ತಿ ಆತಂದ್ರ ಬದಲಿ ಬೇಕು. ಬದಲಿ ಬಂದ ಮ್ಯಾಲ ಪಾಲು ಬದಲಿಗೀನೇ."

"ಬದಲಿ ಯಾರು ಬರ್ತಾರ ಕಾಕಾ?"

"ಮನಿಯವರೇ. ಮಗ, ತಮ್ಮ, ಅಳಿಯ. ಹೊರಗಿನವ ಬಂದ್ರ ಮತ್ತ ಹೋಗಲ್ಲ ನೋಡು."

ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ 'ಬದಲಿ' ಅನ್ನುವುದು ಒಂದು ವರ್ಗದ ಕಾರ್ಮಿಕರ ಹೆಸರೇ ಆಗಿತ್ತು. ಕಾಯಂ ಕೆಲಸಗಾರ ಬಾರದ ದಿನ ಒಳಗೆ ಕರೆಯುತ್ತಾರೇನೋ ಎಂದು ಗೇಟಿನ ಹತ್ತಿರ ಕಾಯುವವರು. ಮರಾಠಿಯಲ್ಲಿ ಸರಕಾರಿ ನೌಕರರ ವರ್ಗಾವಣೆಗೂ 'ಬದಲಿ'ಯೇ. ಒಂದೇ ಪದ ಕೆಲವರಿಗೆ ಹೊಸ ಊರು, ಕೆಲವರಿಗೆ ಒಂದು ದಿನದ ಕೂಲಿ, ಕೆಲವರಿಗೆ ಫೈನಲ್ ಪಂದ್ಯದಲ್ಲಿ ಗೋಲು ಹೊಡೆಯುವ ಅವಕಾಶ.

ಕಾಕಾಗೆ ನಡದ ನೋವು ಹಳೆಯದು. ಕ್ವಿಂಟಲ್ ತೂಕದ ಚೀಲ ಹೊತ್ತ ಕಾಲದವರು ಅವರು. ಚೀಲದ ತೂಕ 50 ಕಿಲೋಗೆ ಇಳಿಯಬೇಕೆಂದು ಹಮಾಲರ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದು ಇಂಥ ನಡಗಳ ಸಲುವಾಗಿ. ನೋವು ಬಂದ ದಿನ ಅವರು ಯಾರಿಗೂ ಹೇಳುವುದಿಲ್ಲ. ಪಟ್ಟಿ ಬಿಗಿದುಕೊಂಡು ಲಾರಿಯ ಮೇಲೆ ನಿಂತು ಚೀಲ ಸರಿಸುವ ಕೆಲಸ ಹಿಡಿಯುತ್ತಾರೆ. ಉಳಿದವರಿಗೆ ಗೊತ್ತಾಗುತ್ತದೆ, ಗೊತ್ತಾಗದ ಹಾಗೆ ಇರುತ್ತಾರೆ. ಬೆಕೆನ್‌ಬಾವರ್‌ನ ಫೋಟೋವನ್ನು ನಾನು ತೋರಿಸಿದಾಗ ಕಾಕಾ ಬಹಳ ಹೊತ್ತು ನೋಡಿದರು. "ಇವ ಖರೇ ಹಮಾಲ" ಅಂದರು. ಅದು ಮೆಚ್ಚುಗೆಯಾಗಿತ್ತು. ಮೆಚ್ಚುಗೆ ಮಾತ್ರ ಆಗಿರಲಿಲ್ಲ.

* * *

ನನ್ನ ಕೆಲಸದಲ್ಲಿ ಟೋಳಿ ಇಲ್ಲ, ಲೆವಿ ಇಲ್ಲ. ಪದದ ಲೆಕ್ಕದಲ್ಲಿ ಹಣ ಬರುತ್ತದೆ, ಚೀಲದ ಲೆಕ್ಕದ ಹಾಗೆಯೇ. ಎರಡು ವರ್ಷದ ಹಿಂದೆ ಬಲ ಮುಂಗೈ ಊದಿಕೊಂಡು ಕೀಬೋರ್ಡ್ ಮುಟ್ಟಲಾಗದ ಸ್ಥಿತಿ ಬಂತು. ಮೂರು ವಾರ ಕೈಗೆ ವಿಶ್ರಾಂತಿ ಕೊಡಿ ಎಂದರು ವೈದ್ಯರು. ಆಗ ಒಂದು ಸಂಸ್ಥೆಗೆ ಧಾರಾವಾಹಿಯೊಂದರ ಸಬ್‌ಟೈಟಲ್ ಮಾಡುತ್ತಿದ್ದೆ, ಅರ್ಧ ಮುಗಿದಿತ್ತು. ವಿಷಯ ಬರೆದು ಕಳಿಸಿದೆ. ಒಳ್ಳೆಯ ಮಾತಿನ ಉತ್ತರ ಬಂತು: ಆರೋಗ್ಯ ನೋಡಿಕೊಳ್ಳಿ, ಸದ್ಯಕ್ಕೆ ಬೇರೊಬ್ಬರು ಮುಂದುವರಿಸುತ್ತಾರೆ. ಮೂರು ವಾರದ ನಂತರ ಕೈ ಸರಿಹೋಯಿತು ಎಂದು ಬರೆದೆ. ಆ ಧಾರಾವಾಹಿಯಾಗಲಿ, ಆ ಸಂಸ್ಥೆಯ ಇನ್ನೊಂದು ಕೆಲಸವಾಗಲಿ ನನ್ನ ಹತ್ತಿರ ಬರಲಿಲ್ಲ. ನನ್ನ ಜಾಗಕ್ಕೆ ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಯಾವುದೋ ಬಾಡಿಗೆ ಮನೆಯಲ್ಲಿ ಪದ ಎಣಿಸುತ್ತಾ ಕೂತವರೇ ಇರಬೇಕು.

ಫುಟ್‌ಬಾಲ್ ನಿಯಮದಲ್ಲಿ ಇದಕ್ಕೊಂದು ವಾಕ್ಯವಿದೆ. ಬದಲಾಗಿ ಹೊರಗೆ ಹೋದ ಆಟಗಾರ ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ಆದರೆ ಮಕ್ಕಳ, ಹಿರಿಯರ, ಅಂಗವಿಕಲರ ಮತ್ತು ತಳಮಟ್ಟದ ಪಂದ್ಯಗಳಲ್ಲಿ, ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಒಪ್ಪಿದರೆ, ಹೊರಗೆ ಹೋದವರು ಮತ್ತೆ ಒಳಗೆ ಬರಬಹುದು. ಹಣ, ಹೆಸರು ಕಡಿಮೆ ಇರುವಲ್ಲಿ ನಿಯಮ ಮೃದುವಾಗುತ್ತದೆ. ದುಡಿಮೆಯ ಲೋಕದಲ್ಲಿ ನಾನು ಕಂಡದ್ದು ಇದರ ತಲೆಕೆಳಗು. ಕಾಯಂ ನೌಕರಿಯವರು ರಜೆ ಮುಗಿಸಿ ತಮ್ಮ ಕುರ್ಚಿಗೆ ಮರಳುತ್ತಾರೆ. ಕೆಳಗಿನವರಿಗೆ ಕುರ್ಚಿಯೇ ಇರುವುದಿಲ್ಲ. ಮುಂದಿನ ಸಲ ಮುಂಗೈ ನೋವು ಬಂದಾಗ ನಾನು ಯಾರಿಗೂ ಬರೆಯಲಿಲ್ಲ. ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಟೈಪ್ ಮಾಡಿದೆ, ಬಾಯಲ್ಲಿ ಹೇಳಿ ಮೊಬೈಲಿನಲ್ಲಿ ಬರೆಸಿದೆ.

* * *

ಮೊದಲು ಹೇಳಿದ ಆ ಒಂದು ಸಂದರ್ಭ ಈಗ. ಅದು ತಲೆಗೆ ಬೀಳುವ ಪೆಟ್ಟು.

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ನಿಮಗೆ ನೆನಪಿರಬಹುದು. ಅರ್ಜೆಂಟೀನಾ ವಿರುದ್ಧ ಫ್ರಾನ್ಸ್ ಒಟ್ಟು ಏಳು ಬದಲಿಗಳನ್ನು ಇಳಿಸಿತು. ಐದು ಸಾಮಾನ್ಯ ಬದಲಿ, ಹೆಚ್ಚುವರಿ ಆಟಕ್ಕೆ ಒಂದು. ಏಳನೆಯದು ಎಲ್ಲಿಂದ ಬಂತು? ಹೆಚ್ಚುವರಿ ಆಟ ಶುರುವಾದ ಮೇಲೆ ಆಡ್ರಿಯನ್ ರಾಬಿಯೊ ತಲೆಗಾದ ಪೆಟ್ಟಿನಿಂದ ಹೊರಗೆ ಹೋದರು, ಯೂಸುಫ್ ಫೊಫಾನಾ ಬಂದರು. ಆ ಬದಲಾವಣೆ ಎಣಿಕೆಗೆ ಸೇರಲಿಲ್ಲ. 2021ರಿಂದ ಪ್ರಯೋಗದಲ್ಲಿದ್ದ ಈ ನಿಯಮವನ್ನು 2024ರ ಜುಲೈಯಿಂದ ಕಾಯಂ ಆಗಿ ಪುಸ್ತಕಕ್ಕೆ ಸೇರಿಸಿದ್ದಾರೆ. ಬೇಕೆಂದ ಟೂರ್ನಿಗಳು ಅಳವಡಿಸಿಕೊಳ್ಳಬಹುದು. ಮಿದುಳಿಗೆ ಆಘಾತವಾಗಿರುವ ಶಂಕೆ ಇದ್ದರೆ, ಎಷ್ಟು ಬದಲಿಗಳು ಮುಗಿದಿದ್ದರೂ, ಒಬ್ಬನನ್ನು ಇಳಿಸಬಹುದು. ಇದನ್ನು ಕಪಟಕ್ಕೆ ಬಳಸಬಾರದೆಂದು ಎದುರಾಳಿಗೂ ಒಂದು ಬದಲಿ ಕೊಡುತ್ತಾರೆ.

ಇದು ಯಾಕೆ ಬೇರೆ? ಕಾಲಿಗೆ ಪೆಟ್ಟಾದವನು ತನ್ನ ನೋವಿಗೆ ತಾನೇ ಸಾಕ್ಷಿ. ತಲೆಗೆ ಪೆಟ್ಟಾದವನ ಸಾಕ್ಷಿಯೇ ಪೆಟ್ಟು ತಿಂದಿರುತ್ತದೆ. 'ನನಗೇನೂ ಆಗಿಲ್ಲ' ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಬಹುದು, ಆ ಮಾತಿಗೆ ಬೆಲೆ ಇಲ್ಲ. ಕನ್ನಡದ ವ್ಯಾಕರಣ ನೋವಿನ ಮಾತನ್ನು ಅನುಭವಿಸುವವರಿಗೇ ಬಿಟ್ಟುಕೊಟ್ಟಿದೆ ಎಂದೆನಲ್ಲ, ಅದು ಕೆಲಸ ಮಾಡದ ಜಾಗ ಇದು. ಇಲ್ಲಿ ಇನ್ನೊಬ್ಬರು ಹೇಳಬೇಕು.

ಹೇಳುವವರು ಮೈದಾನದಲ್ಲಿ ಇರಬೇಕು ಅನ್ನುವುದು ಬೇರೆ ಮಾತು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯುವಾಗ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದು, ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದು ತೀರಿಕೊಂಡರು. 2012ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಿಲ್ಲಾ ಲೀಗ್ ಪಂದ್ಯವೊಂದರಲ್ಲಿ 27 ವರ್ಷದ ಆಟಗಾರ ಕುಸಿದುಬಿದ್ದ. ಆಂಬುಲೆನ್ಸ್ ಇರಲಿಲ್ಲ, ಜೊತೆಯವರು ಆಟೋದಲ್ಲಿ ಸಾಗಿಸಿದರು, ಅವನು ಉಳಿಯಲಿಲ್ಲ. ಬದಲಿ ಆಟಗಾರರ ಸಂಖ್ಯೆ ಐದೋ ಆರೋ ಎಂಬ ಚರ್ಚೆ ಅಲ್ಲಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಹಾಗಾಗಿ ತಲೆಯ ಪೆಟ್ಟಿನ ನಿಯಮದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಏಳನೆಯ ಬದಲಿ ಅಲ್ಲ. 'ನೀನು ಆಡುತ್ತೇನೆ ಎಂದರೂ ಆಡಿಸುವುದಿಲ್ಲ, ನೀನು ಹೋದದ್ದರಿಂದ ನಿನ್ನ ತಂಡಕ್ಕೆ ಕೊರತೆಯಾಗಲೂ ಬಿಡುವುದಿಲ್ಲ' ಎಂಬ ಎರಡು ಮಾತನ್ನು ಅದು ಒಟ್ಟಿಗೆ ಹೇಳುತ್ತದೆ ಅನ್ನುವುದು. ಎರಡನೆಯ ಮಾತಿಲ್ಲದೆ ಮೊದಲನೆಯದನ್ನು ಯಾರೂ ಕೇಳುವುದಿಲ್ಲ.

ಶೂಟೌಟಿನ ಒಂದು ನಿಯಮದಲ್ಲೂ ಇಂಥ ಗುಣವಿದೆ. ಪೆನಾಲ್ಟಿ ಹೊಡೆಯುವ ಹೊತ್ತಿಗೆ ಒಂದು ತಂಡದಲ್ಲಿ ಗಾಯದಿಂದ ಒಬ್ಬ ಕಡಿಮೆಯಾದರೆ ಇನ್ನೊಂದು ತಂಡವೂ ಒಬ್ಬನನ್ನು ಪಕ್ಕಕ್ಕೆ ಕೂರಿಸಬೇಕು. ಹತ್ತಕ್ಕೆ ಹತ್ತು. ಅದಕ್ಕೆ ಮುಂಚಿನ ಅರ್ಧ ಗಂಟೆ ಹತ್ತು ಜನ ಹನ್ನೊಂದರ ಎದುರು ಓಡಿದ್ದರೂ ಸರಿಯೇ. ಗೋಲ್‌ಕೀಪರ್‌ಗೆ ಪೆಟ್ಟಾದರೆ, ಬದಲಿಗಳ ಎಣಿಕೆ ಮುಗಿದಿದ್ದರೂ, ಹೀಗೆ ಪಕ್ಕಕ್ಕೆ ಕೂತ ಆಟಗಾರನೇ ಅವನ ಜಾಗಕ್ಕೆ ಬರಬಹುದು. ಓಟ ನಿಂತ ಮೇಲೆ ನಿಯಮಕ್ಕೆ ನ್ಯಾಯದ ನೆನಪಾಗುತ್ತದೆ ಎಂದು ಅಣಕಿಸಬಹುದು. ಟೋಳಿಯವರು ನಾಲ್ಕೈದು ದಿನ ಮಾಡುವುದೂ ಇದನ್ನೇ, ಒಬ್ಬನ ನಡದ ನೋವನ್ನು ಎಲ್ಲರ ಲೆಕ್ಕಕ್ಕೆ ಹಂಚಿ ಬರೆಯುವುದು. ಟೋಳಿ ಅದನ್ನು ಓಟ ನಿಲ್ಲುವ ಮೊದಲೇ ಮಾಡುತ್ತದೆ.

ಕೈಪಿಡಿಯ ಆ ಪುಟದಲ್ಲಿ ಕೊನೆಗೆ ಎರಡು ಬೇರೆ ಪದ ಬಳಸಿದೆ. ಕಾಲು, ಮಂಡಿ, ತೊಡೆಯ ಗಾಯಗಳ ಜಾಗದಲ್ಲಿ 'ಆಡಲಾಗದ ಆಟಗಾರ'. ತಲೆಯ ಪೆಟ್ಟಿನ ಜಾಗದಲ್ಲಿ 'ಆಡಬಾರದ ಆಟಗಾರ'. ಮೂಲದಲ್ಲಿ ಎರಡೂ ಕಡೆ ಇದ್ದದ್ದು ಒಂದೇ ಮಾತು. ಸಂಪಾದಕರು ಯಾಕೆ ಎಂದು ಕೇಳಿದರು. 'ಆಗದು' ಅವನು ಹೇಳುವುದು, 'ಬಾರದು' ನಾವು ಹೇಳಬೇಕಾದದ್ದು ಎಂದು ಬರೆದೆ. ಅವರು ಹಾಗೆಯೇ ಬಿಟ್ಟರು.

ಕಾಕಾ ಈಗ ವಾರದಲ್ಲಿ ಮೂರು ದಿನ ಮಾತ್ರ ಯಾರ್ಡಿಗೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಅವರ ಬದಲಿಗೆ ಹೋಗುವವನು ಆ ಫುಟ್‌ಬಾಲ್ ಹುಡುಗ. ಪಾಲನ್ನು ಮಾಮಾ-ಅಳಿಯ ಹೇಗೆ ಹಂಚಿಕೊಳ್ಳುತ್ತಾರೆ ಎಂದು ನಾನು ಕೇಳಿಲ್ಲ.